ಸಿಲಿಕೋನ್ ರಬ್ಬರ್ ನ್ಯಾನೋಕಾಂಪೋಸಿಟ್ ಸರ್ಫೇಸ್‌ನ ಮೈಕ್ರೋಸ್ಕೋಪಲ್ಲಿ ಸ್ಟಡಿ ಮಾಡೋದು ಹೇಗೆ: ಸ್ಯಾಂಪಲ್ ಎರಕದಿಂದ ಇಮೇಜ್ ಓದೋವರೆಗೆ

ಸಿಲಿಕೋನ್ ರಬ್ಬರಿಗೆ ನ್ಯಾನೋ ಸಿಲಿಕಾನೋ ಅಲ್ಯೂಮಿನಾನೋ ಫಿಲ್ಲರ್ ಪುಡಿಯಾಗಿ ಸೇರ್ಸಿ ಒಂದು ಶೀಟ್ ಮಾಡಿ, ಅದನ್ನ ಎಸ್‌ಇಎಂಗೆ (ಎಲೆಕ್ಟ್ರಾನ್ ಬೀಮಲ್ಲಿ ನೋಡೋ ಮೈಕ್ರೋಸ್ಕೋಪ್) ಕೊಟ್ಟು, ಬಂದ ಇಮೇಜಿನ ಕೆಳಗೆ "ಫಿಲ್ಲರ್ ಎಲ್ಲಾ ಕಡೆ ಸಮವಾಗಿ ಹರಡಿದೆ" ಅಂತ ಒಂದು ಸಾಲು ಬರೆದು ಮುಂದಿನ ಚಾಪ್ಟರಿಗೆ ಹೋಗೋದು ತುಂಬಾ ಥೀಸಿಸ್‌ಗಳಲ್ಲಿ ಕಾಣತ್ತೆ. ಆ ಇಮೇಜಲ್ಲಿರೋ ಬಿಳಿ ಚುಕ್ಕೆ ನಿಜವಾಗ್ಲೂ ಫಿಲ್ಲರಾ, ಮೇಲೆ ಕೂತ ಧೂಳಾ, ಚಿನ್ನದ ಕೋಟಿಂಗಾ, ಮೋಲ್ಡಿನ ಗುರುತಾ ಅಂತ ಕೇಳೋರು ಕಮ್ಮಿ. ಸಿಲಿಕೋನ್ ಎಷ್ಟು ಮೆತ್ತಗೆ ಅಂದ್ರೆ ಮೋಲ್ಡು, ಕೋಟರ್, ಎಲೆಕ್ಟ್ರಾನ್ ಬೀಮ್, ಚೂಪು ಸೂಜಿಯಲ್ಲಿ ಸರ್ಫೇಸ್ ತಡವಿ ನೋಡೋ ಎಎಫ್‌ಎಂನ ಟಿಪ್ ಎಲ್ಲವೂ ಅದ್ರ ಮೇಲೆ ತಮ್ಮ ಗುರುತು ಬಿಟ್ಟು ಹೋಗತ್ವೆ, ಹಾಗಾಗಿ ಇಲ್ಲಿ ಅರ್ಧ ಕೆಲಸ ಇಮೇಜ್ ತೆಗೆಯೋದು, ಇನ್ನರ್ಧ ಆ ಗುರುತುಗಳನ್ನ ಒಂದೊಂದಾಗಿ ಬೇರ್ಪಡ್ಸೋದು. ಈ ಗೈಡ್ ಬರೀತಿರೋದೇ ಅದಕ್ಕೆ.

ಉದಾಹರಣೆಗೆ ನಾನು ತಗೊಳ್ತಿರೋದು ಹೊರಾಂಗಣ ಹೈ ವೋಲ್ಟೇಜ್ ಇನ್ಸುಲೇಟರ್‌ಗೆ ಬಳಸೋ ಸಿಲಿಕೋನ್ ರಬ್ಬರ್. ಕರಾವಳಿ ಕಡೆ ಉಪ್ಪುಗಾಳಿ ಇರೋ ಜಾಗದಲ್ಲಿ, ಧೂಳಿರೋ ಫ್ಯಾಕ್ಟರಿ ಪಕ್ಕದಲ್ಲಿ ಪಿಂಗಾಣಿ ಬದ್ಲು ಇದನ್ನ ಹಾಕೋದು ಯಾಕಂದ್ರೆ ಇದ್ರ ಮೇಲೆ ನೀರು ಪದರವಾಗಿ ಹರಡಲ್ಲ, ಹನಿಹನಿಯಾಗೇ ನಿಲ್ಲತ್ತೆ, ಕಾಂಟ್ಯಾಕ್ಟ್ ಆಂಗಲ್ (ಹನಿಯ ಅಂಚು ಸರ್ಫೇಸ್ ಜೊತೆ ಮಾಡೋ ಕೋನ) ಸುಮಾರು 105ರಿಂದ 110 ಡಿಗ್ರಿ. ಈ ಗುಣ ಇರೋದೆಲ್ಲ ಮೇಲಿನ ಕೆಲವು ನ್ಯಾನೋಮೀಟರ್‌ನಲ್ಲಿ, ಅದಕ್ಕೇ ಸರ್ಫೇಸ್ ಸ್ಟಡಿಗೆ ಇಷ್ಟು ಬೆಲೆ.

ಹೆಜ್ಜೆ 1: ಯಾವ ಸರ್ಫೇಸ್ ಅಂತ ಮೊದ್ಲು ತೀರ್ಮಾನ ಮಾಡಿ

ಒಂದೇ ಶೀಟಲ್ಲಿ ಕನಿಷ್ಠ ಮೂರು ಸರ್ಫೇಸ್ ಇದಾವೆ. ಗಾಳಿಗೆ ತೆರೆದ ಕಡೆ, ಮೋಲ್ಡಿಗೆ ತಾಗಿದ ಕಡೆ, ಮತ್ತೆ ಮುರಿದಾಗ ಕಾಣೋ ಒಳಗಿನ ಕಡೆ. ಗಾಳಿ ಕಡೆ ಸಿಲಿಕೋನ್‌ನ ತೆಳು ಪದರ ಫಿಲ್ಲರ್‌ನ ಮುಚ್ಚಿಬಿಟ್ಟಿರತ್ತೆ, ಎಷ್ಟೋ ಸಲ ಅಲ್ಲಿ ಕಣ ಕಾಣೋದೇ ಇಲ್ಲ, ಅದನ್ನ ನೋಡಿ ಫಿಲ್ಲರ್ ಚೆನ್ನಾಗಿ ಬೆರೆತಿದೆ ಅಂದ್ಕೋಬಾರ್ದು. ಮೋಲ್ಡ್ ಕಡೆ ಮೋಲ್ಡಿನ ಅಚ್ಚು ಬಿದ್ದಿರತ್ತೆ, ಪಿಡಿಎಂಎಸ್, ಅಂದ್ರೆ ಈ ಸಿಲಿಕೋನ್ ರಬ್ಬರಿನ ಮೂಲ ಪಾಲಿಮರ್, ಹತ್ತಾರು ನ್ಯಾನೋಮೀಟರ್‌ನಷ್ಟು ಸಣ್ಣ ವಿವರಾನೂ ನಕಲು ಮಾಡತ್ತೆ, ರಬ್ಬರ್ ಅಚ್ಚಲ್ಲಿ ಸೂಕ್ಷ್ಮ ವಿನ್ಯಾಸ ಮೂಡ್ಸೋ ಸಾಫ್ಟ್ ಲಿಥೋಗ್ರಫಿ ನಡೀತಿರೋದೇ ಆ ಗುಣದ ಮೇಲೆ, ಹಾಗಾಗಿ ಸ್ಟೀಲ್ ಮೋಲ್ಡಿನ ಪಾಲಿಶ್ ಗೀರುಗಳು ಸಾಲುಸಾಲಾಗಿ ಕಂಡ್ರೆ ಅದು ಸ್ಟೀಲಿನ ಕಥೆ. ಫಿಲ್ಲರ್ ಹರಡಿರೋದು ತಿಳ್ಕೋಬೇಕಾದ್ರೆ ಒಳಗಿನ ಸರ್ಫೇಸ್, ನೀರು ನಿಲ್ಲೋದು ಬಿಡೋದು ತಿಳ್ಕೋಬೇಕಾದ್ರೆ ಗಾಳಿ ಕಡೆ ಸರ್ಫೇಸ್. ಎರಡನ್ನೂ ಒಂದೇ ಇಮೇಜಿಂದ ಹೇಳೋಕಾಗಲ್ಲ. ಸ್ಯಾಂಪಲ್ ಕವರ್ ಮೇಲೆ ಯಾವ ಕಡೆ ಅಂತ ಪೆನ್ನಲ್ಲಿ ಆಗ್ಲೇ ಬರೆದಿಡಿ, ಕತ್ತರಿಸಿದ ಮೇಲೆ ಎರಡೂ ಕಡೆ ಕಣ್ಣಿಗೆ ಒಂದೇ ಥರ ಕಾಣತ್ತೆ.

ಹೆಜ್ಜೆ 2: ಸ್ಯಾಂಪಲ್ ತಯಾರಿ

ಫ್ಯೂಮ್ಡ್ ಸಿಲಿಕಾ ಡಬ್ಬಿ ಮೇಲೆ 12 ನ್ಯಾನೋಮೀಟರ್ ಅಂತ ಇರತ್ತೆ, ಆದ್ರೆ ಆ 12 ಒಂಟಿ ಕಣದ ಸೈಜ್. ಜ್ವಾಲೆಯಲ್ಲಿ ತಯಾರಾಗೋವಾಗ್ಲೇ ಅವು ಬೆಸೆದುಕೊಂಡು ನೂರಿನ್ನೂರು ನ್ಯಾನೋಮೀಟರ್‌ನ ಕವಲುಕವಲಾದ ಸರಪಳಿ ಆಗಿರತ್ವೆ, ಆ ಸರಪಳಿಗಳು ಸೇರಿ ಮೈಕ್ರಾನ್ ಸೈಜಿನ ಗಂಟು. ಮಿಕ್ಸಿಂಗಲ್ಲಿ ಗಂಟನ್ನ ಬಿಡಿಸ್ಬೋದು, ಸರಪಳೀನ ಬಿಡ್ಸೋಕಾಗಲ್ಲ. ಅಂದ್ರೆ ಇಮೇಜಲ್ಲಿ 150 ನ್ಯಾನೋಮೀಟರ್ ಗುಂಪು ಕಂಡ್ರೆ ಡಿಸ್ಪರ್ಷನ್ (ಫಿಲ್ಲರ್ ಹರಡಿರೋ ರೀತಿ) ಕೆಟ್ಟಿದೆ ಅಂತ ಬೇಜಾರಾಗೋದು ಬೇಡ, ಫ್ಯೂಮ್ಡ್ ಸಿಲಿಕಾಗೆ ಅದೇ ಒಳ್ಳೇ ಡಿಸ್ಪರ್ಷನ್. ಐದು ಹತ್ತು ಮೈಕ್ರಾನ್ ಗಂಟು ಕಂಡ್ರೆ ಮಾತ್ರ ಮಿಕ್ಸಿಂಗ್ ಕಡೆ ನೋಡ್ಬೇಕು. ಕಣದ ಮೇಲಿನ ಸಿಲನಾಲ್ ಅನ್ನೋ ರಾಸಾಯನಿಕ ಗುಂಪುಗಳು ಒಂದನ್ನೊಂದು ಹಿಡ್ಕೊಳ್ಳೋದ್ರಿಂದ ಗಂಟು ಕಟ್ಟತ್ತೆ, ಹೆಕ್ಸಾಮೀಥೈಲ್‌ಡೈಸಿಲಜೇನ್ ಥರದ್ರಲ್ಲಿ ಟ್ರೀಟ್ ಮಾಡಿರೋ ಸಿಲಿಕಾ ತಗೊಂಡ್ರೆ ಈ ಕಾಟ ಕಮ್ಮಿ. ಬಳಸೋ ಮುಂಚೆ ಫಿಲ್ಲರ್‌ನ ಓವನ್‌ನಲ್ಲಿ ಒಣಗಿಸಿ, ಪುಡಿ ಹಗುರ ಇರೋದ್ರಿಂದ ಮಾಸ್ಕ್ ಹಾಕ್ಕೊಂಡೇ ತೂಗಿ.

ಪ್ಲಾಟಿನಂ ಕ್ಯಾಟಲಿಸ್ಟ್ ಇರೋ ಎರಡು ಪಾರ್ಟ್ ಸಿಲಿಕೋನ್ ಆದ್ರೆ ಲ್ಯಾಟೆಕ್ಸ್ ಗ್ಲೌಸ್ ಮುಟ್ಟಲೇಬೇಡಿ, ಅದ್ರಲ್ಲಿರೋ ಗಂಧಕ ಕ್ಯಾಟಲಿಸ್ಟ್‌ನ ಕೊಲ್ಲತ್ತೆ, ಮುಟ್ಟಿದ ಜಾಗ ಅಂಟಂಟಾಗೇ ಉಳಿಯತ್ತೆ. ನೈಟ್ರೈಲ್ ಗ್ಲೌಸ್ ಹಾಕ್ಕೊಳಿ. ಅಮೈನ್, ತವರದ ಕಾಂಪೌಂಡ್ ತಾಗಿದ್ರೂ ಇದೇ ಗತಿ. ಸಿಲ್ಗಾರ್ಡ್ 184 ಅನ್ನೋ ಸಿಲಿಕೋನ್ ಕಿಟ್ ಆದ್ರೆ ಅದ್ರ ಎರಡು ಪಾರ್ಟ್‌ನ 10:1 ತೂಕದಲ್ಲಿ ಕಲಸಿ, ವ್ಯಾಕ್ಯೂಮಲ್ಲಿ ಗುಳ್ಳೆ ಹೋಗೋವರೆಗೂ ಇಟ್ಟು, 100 ಡಿಗ್ರಿಯಲ್ಲಿ ಸುಮಾರು 35 ನಿಮಿಷ ಕ್ಯೂರ್ ಮಾಡಿ (ಗಟ್ಟಿ ರಬ್ಬರ್ ಆಗೋಕೆ ಬಿಡಿ), ಶೀಟ್ ದಪ್ಪ ಇದ್ರೆ ಇನ್ನೂ ಸ್ವಲ್ಪ ಹೊತ್ತು.

ಇಲ್ಲೊಂದು ಮುಖ್ಯ ವಿಷಯ. ಸಿಲ್ಗಾರ್ಡ್ 184ನ "ಶುದ್ಧ ಪಿಡಿಎಂಎಸ್" ಅಂತ ಕರೆದು ಕಂಟ್ರೋಲ್ (ಹೋಲಿಕೆಯ) ಸ್ಯಾಂಪಲ್ ಮಾಡ್ಕೊಳೋರು ಬಹಳ, ಆದ್ರೆ ಅದ್ರ ಸೇಫ್ಟಿ ಶೀಟಲ್ಲೇ ಟ್ರೀಟ್ ಮಾಡಿದ ಸಿಲಿಕಾ ಇದೆ ಅಂತ ಪ್ರಿಂಟ್ ಆಗಿದೆ. ನೀವು ಏನೂ ಸೇರಿಸ್ದೇನೇ ಎಎಫ್‌ಎಂನಲ್ಲಿ ನ್ಯಾನೋ ಉಬ್ಬುಗಳು ಕಂಡ್ರೆ ಆಶ್ಚರ್ಯ ಪಡ್ಬೇಡಿ. ಇದಕ್ಕೇ ಹೇಳೋದು, ಫಿಲ್ಲರ್ ಸೇರಿಸದ ಸ್ಯಾಂಪಲ್ ಒಂದು ಪ್ರತಿ ಹೆಜ್ಜೇಲೂ ಜೊತೆಗಿರ್ಬೇಕು, ಅದೇ ಮೋಲ್ಡು, ಅದೇ ಓವನ್, ಅದೇ ಕೋಟಿಂಗ್ ರನ್, ಬೀಮಿಗೂ ಅದೇ ಕಿಲೋವೋಲ್ಟ್. ಅದಿಲ್ದೇ ತೆಗೆದ ಇಮೇಜ್‌ನ ನಾನು ನಂಬಲ್ಲ.

ಹೆಜ್ಜೆ 3: ಕ್ಲೀನಿಂಗ್

ಸಿಲಿಕೋನ್ ಮೇಲೆ ಸ್ಟ್ಯಾಟಿಕ್ ಚಾರ್ಜ್ ಜಾಸ್ತಿ, ಧೂಳನ್ನ ಎಳ್ಕೊಳ್ಳತ್ತೆ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಬೇಗ ತೊಳೆದು ನೈಟ್ರೋಜನ್ ಗಾಳಿ ಬಿಟ್ಟು ಒಣಗಿಸಿ, ಟಿಶ್ಯೂ ಪೇಪರಲ್ಲಿ ಉಜ್ಜಬೇಡಿ. ಹೆಕ್ಸೇನ್, ಟಾಲುಯೀನ್‌ಗೆ ಹಾಕಿದ್ರೆ ರಬ್ಬರ್ ಚೆನ್ನಾಗಿ ಊದ್ಕೊಂಡು ಒಳಗಿರೋ ಕ್ರಾಸ್‌ಲಿಂಕ್ ಆಗದ, ಅಂದ್ರೆ ಬಲೆಯಾಗಿ ಬೆಸೆಯದ, ಎಣ್ಣೆ ಹೊರಗೆ ಬರತ್ತೆ, ಎಎಫ್‌ಎಂ ಟಿಪ್ಪಿಗೆ ಎಣ್ಣೆ ಅಂಟೋದು ನಿಲ್ಲತ್ತೆ, ಆದ್ರೆ ಇನ್ಸುಲೇಟರ್ ವಿಷಯದಲ್ಲಿ ಆ ಎಣ್ಣೇನೇ ಮುಖ್ಯ ಪಾತ್ರಧಾರಿ, ಅದನ್ನ ತೆಗೆದ್ರೆ ನೀವು ನೋಡ್ತಿರೋದು ಬೇರೆ ಮೆಟೀರಿಯಲ್. ಫಿಲ್ಲರ್ ಸ್ಟಡಿಗೆ ಮಾತ್ರ ಹೀಗೆ ಎಣ್ಣೆ ತೆಗೆಯೋ ಎಕ್ಸ್‌ಟ್ರಾಕ್ಷನ್ ಮಾಡಿ, ರಬ್ಬರ್ ಹಳೇದಾಗೋದನ್ನ ನೋಡೋ ಏಜಿಂಗ್ ಸ್ಟಡಿಗೆ ಬೇಡ.

ಹೆಜ್ಜೆ 4: ಮೊದ್ಲು ಸಾಮಾನ್ಯ ಮೈಕ್ರೋಸ್ಕೋಪ್

ಆಪ್ಟಿಕಲ್ ಮೈಕ್ರೋಸ್ಕೋಪಲ್ಲಿ 10 ಎಕ್ಸ್, 50 ಎಕ್ಸ್ ಹಾಕಿ ಇಡೀ ಸ್ಯಾಂಪಲ್ ಒಂದು ಸುತ್ತು ನೋಡಿ. ಗುಳ್ಳೆ, ದೊಡ್ಡ ಗಂಟು, ನಾರು, ಗೀರು ಎಲ್ಲ ಇಲ್ಲೇ ಸಿಗತ್ತೆ. 0.2-0.3 ಮೈಕ್ರಾನ್‌ಗಿಂತ ಸಣ್ಣದು ಕಾಣಲ್ಲ, ಪರವಾಗಿಲ್ಲ. ಎಸ್‌ಇಎಂನಲ್ಲಿ ನೀವು ನೋಡೋ ಜಾಗ ಕೂದಲಿನ ಅಗಲಕ್ಕಿಂತ ಕಮ್ಮಿ, ಆ ಜಾಗ ಇಡೀ ಶೀಟನ್ನ ಪ್ರತಿನಿಧಿಸತ್ತಾ ಇಲ್ವಾ ಅಂತ ಹೇಳೋದು ಈ ಆಪ್ಟಿಕಲ್ ಇಮೇಜೇ.

ಹೆಜ್ಜೆ 5: ಒಳಗಿನ ಸರ್ಫೇಸ್‌ಗೆ ಫ್ರೀಜ್ ಫ್ರಾಕ್ಚರ್

ಬ್ಲೇಡಲ್ಲಿ ಕತ್ತರಿಸಿದ್ರೆ ಸಿಲಿಕೋನ್ ಎಳ್ಕೊಂಡು ಬ್ಲೇಡಿನ ಗೀರು ಬೀಳತ್ತೆ, ಗಾಜಿನ ಥರ ಒಡೀಬೇಕು. ತೊಂದ್ರೆ ಏನಂದ್ರೆ ಸಿಲಿಕೋನ್‌ನ ಗ್ಲಾಸ್ ಟ್ರಾನ್ಸಿಷನ್, ಅಂದ್ರೆ ಅದು ಗಾಜಿನಂತಾಗೋ ತಾಪಮಾನ, ಸುಮಾರು ಮೈನಸ್ 125 ಡಿಗ್ರಿ, ಲಿಕ್ವಿಡ್ ನೈಟ್ರೋಜನ್ ಮೈನಸ್ 196, ನಡುವೆ ಇರೋದು 70 ಡಿಗ್ರಿ ಅಷ್ಟೇ. ಬೇರೆ ಪಾಲಿಮರ್ ಥರ ಹೊರಗೆ ತೆಗೆದು ನಿಧಾನಕ್ಕೆ ಮುರಿಯೋಣ ಅಂದ್ರೆ ಅಷ್ಟರಲ್ಲಿ ಅದು ಮತ್ತೆ ರಬ್ಬರ್ ಆಗಿರತ್ತೆ.

ಎರಡು ಮಿಲಿಮೀಟರ್ ದಪ್ಪದ ಪಟ್ಟಿ ತಗೊಂಡು ಒಂದು ಕಡೆ ಸಣ್ಣದಾಗಿ ಕಚ್ಚು ಹಾಕಿ, ಇಕ್ಕಳದ ತುದೀನೂ ನೈಟ್ರೋಜನ್‌ನಲ್ಲಿ ಅದ್ದಿ ತಣ್ಣಗೆ ಮಾಡಿ, ಪಟ್ಟಿ ಮುಳುಗಿರೋವಾಗ್ಲೇ ಅಥ್ವಾ ಮೇಲೆತ್ತಿದ ಕ್ಷಣದಲ್ಲೇ ಪಟಕ್ಕನೆ ಮುರೀರಿ. ಮುರಿದ ತುಂಡು ಬೆಚ್ಚಗಾಗೋವಾಗ ಗಾಳಿಯ ತೇವ ಅದ್ರ ಮೇಲೆ ಮಂಜಾಗಿ ಕೂರತ್ತೆ, ಆಮೇಲೆ ಕರಗಿ ಕಲೆ ಬಿಡತ್ತೆ, ಅದಕ್ಕೆ ಒಣ ನೈಟ್ರೋಜನ್ ಹರಿಯೋ ಪೆಟ್ಟಿಗೇಲೋ ಡೆಸಿಕೇಟರಲ್ಲೋ ಬೆಚ್ಚಗಾಗೋಕೆ ಬಿಡಿ. ಕಿಟಕಿ ತೆಗೆದಿರೋ ರೂಮಲ್ಲಿ, ಕ್ರಯೋ ಗ್ಲೌಸ್, ಕನ್ನಡಕ ಹಾಕ್ಕೊಂಡು ಮಾಡಿ, ನೈಟ್ರೋಜನ್ ಆವಿ ಮುಚ್ಚಿದ ರೂಮಲ್ಲಿ ಆಕ್ಸಿಜನ್‌ನ ಹೊರಗೆ ತಳ್ಳತ್ತೆ.

ಸರಿಯಾಗಿ ಮುರಿದಿದ್ರೆ ಸರ್ಫೇಸ್ ಚಪ್ಪಟೆ, ಅಲ್ಲಲ್ಲಿ ನದಿ ಕವಲಿನಂಥ ಗೆರೆ. ಎಳೆದು ಹರಿದಂಥ ದಪ್ಪ ದಿಬ್ಬಗಳು ಕಂಡ್ರೆ ಬೆಚ್ಚಗಾದ ಮೇಲೆ ಮುರಿದಿದೆ ಅಂತ, ಅದನ್ನ ಬಿಟ್ಟು ಇನ್ನೊಂದು ಮುರೀರಿ. ಒಳ್ಳೇ ಫ್ರಾಕ್ಚರಲ್ಲಿ ಇನ್ನೊಂದು ಲಾಭ ಇದೆ: ಕಣ ಕಿತ್ಕೊಂಡು ಹೋಗಿ ನೀಟಾದ ಗುಂಡಿ ಉಳಿದಿದ್ರೆ ಫಿಲ್ಲರಿಗೂ ರಬ್ಬರಿಗೂ ಹಿಡಿತ ಕಮ್ಮಿ, ಕಣದ ಮೇಲೆ ರಬ್ಬರ್ ಅಂಟಿಕೊಂಡೇ ಇದ್ರೆ ಹಿಡಿತ ಚೆನ್ನಾಗಿದೆ.

ಹೆಜ್ಜೆ 6: ಕೋಟಿಂಗ್, ಇಲ್ಲೇ ಜಾಸ್ತಿ ಜನ ದಾರಿ ತಪ್ಪೋದು

ಸಿಲಿಕೋನ್ ಇನ್ಸುಲೇಟರ್, ಎಲೆಕ್ಟ್ರಾನ್ ಬೀಮ್ ಬಿದ್ರೆ ಚಾರ್ಜ್ ಕೂತ್ಕೊಂಡು ಇಮೇಜ್ ಬೆಳ್ಳಗಾಗತ್ತೆ, ಜಾರತ್ತೆ, ಪಟ್ಟಿಪಟ್ಟಿ ಬರತ್ತೆ. ಅದಕ್ಕೆ ಚಿನ್ನದ ತೆಳು ಕೋಟಿಂಗ್. ಎರಡು ಅಪಾಯ.

ಒಂದು, ಸ್ಪಟರ್ ಮಾಡಿದ (ಪ್ಲಾಸ್ಮಾದಲ್ಲಿ ಪರಮಾಣುಗಳಾಗಿ ಎರಚಿದ) ಚಿನ್ನ ಸಮತಟ್ಟಾಗಿ ಕೂರಲ್ಲ, 5-10 ನ್ಯಾನೋಮೀಟರ್ ಕಾಳುಕಾಳಾಗಿ ಕೂರತ್ತೆ. ಒಂದು ಲಕ್ಷ ಎಕ್ಸ್ ಮ್ಯಾಗ್ನಿಫಿಕೇಷನ್‌ಗೆ ಹೋದಾಗ ಇಡೀ ಫ್ರೇಮ್ ತುಂಬ ಒಂದೇ ಸೈಜಿನ, ಒಂದೇ ಅಂತರದ ಬಿಳಿ ಕಾಳು ಕಾಣತ್ತೆ, 12 ನ್ಯಾನೋಮೀಟರ್ ಸಿಲಿಕಾನೂ ಹೆಚ್ಚುಕಮ್ಮಿ ಅಷ್ಟೇ ಇರೋದ್ರಿಂದ ಎಷ್ಟೊಂದು ಚೆನ್ನಾಗಿ ಹರಡಿದೆ ಅನ್ಸತ್ತೆ. ಪರೀಕ್ಷೆ ಸುಲಭ, ಅದೇ ರನ್‌ನಲ್ಲಿ ಒಂದು ಸಿಲಿಕಾನ್ ವೇಫರ್ ತುಂಡನ್ನೂ ಕೋಟ್ ಮಾಡ್ಸಿ. ವೇಫರ್ ಮೇಲೂ ಅದೇ ಕಾಳು ಕಂಡ್ರೆ ಅದು ಚಿನ್ನ. ಹೈ ಮ್ಯಾಗ್ನಿಫಿಕೇಷನ್ ಬೇಕಂದ್ರೆ ಪ್ಲಾಟಿನಂ ಅಥ್ವಾ ಇರಿಡಿಯಂ 2-3 ನ್ಯಾನೋಮೀಟರ್ ಕೇಳಿ, ಕಾಳು ಇನ್ನೂ ಸಣ್ಣ.

ಎರಡನೇದು ಇದಕ್ಕಿಂತ ಮೋಸದ್ದು. ಸಿಲಿಕೋನ್ ಬಿಸಿಗೆ ಹಿಗ್ಗೋದು ಡಿಗ್ರಿಗೆ ಸುಮಾರು 300 ಪಿಪಿಎಂ (ಹತ್ತು ಲಕ್ಷಕ್ಕೆ 300 ಪಾಲು), ಚಿನ್ನ 14 ಅಷ್ಟೇ. ಕೋಟರ್ ಒಳಗೆ ಸ್ಯಾಂಪಲ್ ಬಿಸಿಯಾಗಿ ಹಿಗ್ಗಿರೋವಾಗ ಮೇಲೆ ಲೋಹ ಕೂರತ್ತೆ, ಆಮೇಲೆ ತಣ್ಣಗಾಗಿ ರಬ್ಬರ್ ಕುಗ್ಗತ್ತೆ, ಲೋಹ ಅಷ್ಟು ಕುಗ್ಗಲ್ಲ, ಆರಿದ ಹಾಲಿನ ಕೆನೆ ಥರ ಮೇಲೆಲ್ಲ ಸುಕ್ಕು. ಈ ಸುಕ್ಕು ಬಹಳ ಚೆಂದ, ಅಲೆಅಲೆಯಾಗಿ, ಒಂದೇ ಅಗಲದ್ದು, ನೋಡಿದ ತಕ್ಷಣ ಏನೋ ಸ್ವಯಂ ರಚನೆ ಆಗಿದೆ ಅನ್ಸೋ ಥರ. 1998ರಲ್ಲಿ ಹಾರ್ವರ್ಡ್‌ನ ವೈಟ್‌ಸೈಡ್ಸ್ ಅವ್ರ ತಂಡ ಪಿಡಿಎಂಎಸ್ ಮೇಲೆ ಲೋಹದ ಪದರ ಕೂರಿಸಿ ಇದೇ ಸುಕ್ಕುಗಳ ಬಗ್ಗೆ ಪೇಪರ್ ಬರೆದಿದ್ರು, ಹಾಗಾಗಿ ಇದು ಗೊತ್ತಿರೋ ವಿಷಯ, ಆದ್ರೂ ಇವತ್ತಿಗೂ ಫಿಲ್ಲರ್‌ನಿಂದ ಬಂದ ರಫ್‌ನೆಸ್ ಅಂತ ಇದಕ್ಕೆ ಹೆಸರು ಬೀಳತ್ತೆ. ತಪ್ಪಿಸ್ಕೊಳೋದು ಹೀಗೆ: ಕಮ್ಮಿ ಕರೆಂಟಲ್ಲಿ, ಬಿಟ್ಟುಬಿಟ್ಟು, ಹತ್ತು ಸೆಕೆಂಡ್ ಕೋಟಿಂಗ್ ಅರ್ಧ ನಿಮಿಷ ಬಿಡುವು ಅನ್ನೋ ಥರ ಮಾಡ್ಸಿ, ಸ್ಯಾಂಪಲ್ ಟಾರ್ಗೆಟ್‌ನಿಂದ, ಅಂದ್ರೆ ಲೋಹ ಹೊರಡೋ ತಟ್ಟೆಯಿಂದ, ದೂರ ಇರ್ಲಿ. ಮತ್ತೆ ಆ ಕಂಟ್ರೋಲ್ ಸ್ಯಾಂಪಲ್. ಅದ್ರಲ್ಲೂ ಸುಕ್ಕಿದ್ರೆ ಫಿಲ್ಲರ್‌ನ ಮಾತೇ ಬರಲ್ಲ.

ಹೆಜ್ಜೆ 7: ಎಸ್‌ಇಎಂ ಸೆಟ್ಟಿಂಗ್

ಆಪರೇಟರ್ ಕೈಗೆ ಬಿಟ್ರೆ ಸಾಮಾನ್ಯವಾಗಿ 15 ಇಲ್ಲ 20 ಕಿಲೋವೋಲ್ಟ್ ಇಡ್ತಾರೆ. ಸಿಲಿಕೋನ್‌ನಂಥ ಹಗುರ ಮೆಟೀರಿಯಲ್ಲಲ್ಲಿ 20 ಕಿಲೋವೋಲ್ಟ್ ಎಲೆಕ್ಟ್ರಾನ್ ಸುಮಾರು 10 ಮೈಕ್ರಾನ್ ಒಳಗೆ ಹೋಗತ್ತೆ, 5 ಕಿಲೋವೋಲ್ಟಿಗೆ 1 ಮೈಕ್ರಾನ್, 1 ಕಿಲೋವೋಲ್ಟಿಗೆ 0.1 ಮೈಕ್ರಾನ್‌ಗಿಂತ ಕಮ್ಮಿ. ಸರ್ಫೇಸ್ ನೋಡೋಕೆ ಬಂದು 10 ಮೈಕ್ರಾನ್ ಆಳದಿಂದ ಸಿಗ್ನಲ್ ತಗೊಳೋದ್ರಲ್ಲಿ ಅರ್ಥ ಇಲ್ಲ. ವಿನಯವಾಗಿ ಕೇಳ್ಕೊಳಿ, "ಸರ್, 2 ಇಂದ 5 ಕಿಲೋವೋಲ್ಟ್ ಒಳಗೆ ನೋಡೋಣ" ಅಂತ. ಫೀಲ್ಡ್ ಎಮಿಷನ್ ಎಸ್‌ಇಎಂ ಆದ್ರೆ 1 ಕಿಲೋವೋಲ್ಟ್ ಆಸುಪಾಸಲ್ಲಿ ಒಳಬರೋ ಮತ್ತೆ ಹೊರಹೋಗೋ ಎಲೆಕ್ಟ್ರಾನ್ ಸರಿಸಮ ಆಗೋ ಜಾಗ ಸಿಗತ್ತೆ, ಅಲ್ಲಿ ಕೋಟಿಂಗೇ ಇಲ್ದೇನೂ ಚಾರ್ಜಿಂಗ್ ಇಲ್ದ ಇಮೇಜ್ ಬರ್ಬೋದು, ಹೆಜ್ಜೆ 6ರ ತಲೆನೋವೆಲ್ಲ ತಪ್ಪತ್ತೆ. ಇಲ್ದಿದ್ರೆ ಚೇಂಬರಲ್ಲಿ ಸ್ವಲ್ಪ ಅನಿಲ ಉಳಿಸಿ ಚಾರ್ಜ್ ಕಳೆಯೋ ಲೋ ವ್ಯಾಕ್ಯೂಮ್ ಮೋಡ್.

ಬೀಮ್ ತುಂಬಾ ಹೊತ್ತು ಒಂದೇ ಜಾಗದಲ್ಲಿ ನಿಂತ್ರೆ ಸಿಲಿಕೋನ್ ಕ್ರಾಸ್‌ಲಿಂಕ್ ಆಗಿ ಕುಗ್ಗತ್ತೆ. ಮ್ಯಾಗ್ನಿಫಿಕೇಷನ್ ಕಮ್ಮಿ ಮಾಡಿ ನೋಡಿದ್ರೆ ನೀವು ಈಗಷ್ಟೇ ಸ್ಕ್ಯಾನ್ ಮಾಡಿದ ಚೌಕ ಕಾಣತ್ತೆ, ಅದೇ ಸುಟ್ಟ ಗುರುತು. ಹಾಗಾಗಿ ಫೋಕಸ್, ಆಸ್ಟಿಗ್ಮಾಟಿಸಂ ಎಲ್ಲ ಪಕ್ಕದ ಜಾಗದಲ್ಲಿ ಸರಿ ಮಾಡ್ಕೊಂಡು, ಹೊಸ ಜಾಗಕ್ಕೆ ಸರ್ದು ಒಂದೇ ಸಲಕ್ಕೆ ಇಮೇಜ್ ತೆಗೀರಿ. ಸಿಲಿಕೋನ್ ಆವಿ ಚೇಂಬರ್ ಕೊಳೆ ಮಾಡತ್ತೆ ಅಂತ ಫೆಸಿಲಿಟಿಯವ್ರು ಹಿಂದೆಮುಂದೆ ನೋಡ್ತಾರೆ, ಅದು ನ್ಯಾಯಾನೇ, ಒಂದು ರಾತ್ರಿ ವ್ಯಾಕ್ಯೂಮ್ ಓವನ್‌ನಲ್ಲಿಟ್ಟು ತನ್ನಿ, ಮುಂಚೇನೇ ಹೇಳಿ.

ಜಾಗ ಹೇಗೆ ಆರಿಸ್ತೀರ ಅನ್ನೋದೂ ಮುಖ್ಯ. ಚೆನ್ನಾಗಿ ಕಾಣೋ ಜಾಗ ಹುಡ್ಕಬೇಡಿ. ಸ್ಟೇಜ್ ಕೋಆರ್ಡಿನೇಟ್ ಮೊದ್ಲೇ ಬರೆದುಕೊಂಡು ಹೋಗಿ, ಅಲ್ಲಿ ಏನು ಸಿಗತ್ತೋ ಅದನ್ನೇ ತೆಗೀರಿ. ಪ್ರತಿ ಜಾಗದಲ್ಲೂ ಮೂರು ಮ್ಯಾಗ್ನಿಫಿಕೇಷನ್, ಸಾವಿರ, ಹತ್ತು ಸಾವಿರ, ಐವತ್ತು ಸಾವಿರ.

ಹೆಜ್ಜೆ 8: ಇಡಿಎಸ್ ಮಾಡ್ಸೋ ಮುಂಚೆ ಒಂದು ಲೆಕ್ಕ

ಸಿಲಿಕಾ ಹಾಕಿರೋ ಸಿಲಿಕೋನಿಗೆ ಇಡಿಎಸ್ (ಎಕ್ಸ್‌ರೇ ನೋಡಿ ಯಾವ ಮೂಲವಸ್ತು ಎಲ್ಲಿದೆ ಅಂತ ಹೇಳೋ ವಿಧಾನ) ಮ್ಯಾಪ್ ತೆಗೆದು "ಸಿಲಿಕಾನ್ ಎಲ್ಲಾ ಕಡೆ ಇದೆ, ಹಾಗಾಗಿ ಫಿಲ್ಲರ್ ಎಲ್ಲಾ ಕಡೆ ಇದೆ" ಅಂತ ಬರೆಯೋದನ್ನ ದಯವಿಟ್ಟು ನಿಲ್ಲಿಸ್ಬೇಕು. ರಬ್ಬರ್‌ನಲ್ಲೇ ತೂಕದ ಸುಮಾರು 38 ಪರ್ಸೆಂಟ್ ಸಿಲಿಕಾನ್ ಅನ್ನೋ ಮೂಲವಸ್ತು ಇದೆ, ಸಿಲಿಕಾದಲ್ಲಿ 47. ಮ್ಯಾಪ್ ತುಂಬ ಸಿಲಿಕಾನ್ ಬರಲೇಬೇಕು, ಫಿಲ್ಲರ್ ಇದ್ರೂ ಇಲ್ದಿದ್ರೂ. ಆಕ್ಸಿಜನ್‌ನಲ್ಲಿ ವ್ಯತ್ಯಾಸ ಜಾಸ್ತಿ, 22ಕ್ಕೆ 53, ಕಾರ್ಬನ್ ಸಿಲಿಕಾದಲ್ಲಿ ಇಲ್ವೇ ಇಲ್ಲ, ಆದ್ರಿಂದ ದೊಡ್ಡ ಗಂಟಿನ ಮೇಲೆ ಆಕ್ಸಿಜನ್ ಏರಿ ಕಾರ್ಬನ್ ಇಳಿದ್ರೆ ಅದು ಸಾಕ್ಷಿ. ಒಂಟಿ ನ್ಯಾನೋ ಕಣಕ್ಕೆ ಅದೂ ಆಗಲ್ಲ, ಎಕ್ಸ್‌ರೇ ಬರೋ ಜಾಗ ಕಣಕ್ಕಿಂತ ಎಷ್ಟೋ ದೊಡ್ಡದು.

ಅಲ್ಯೂಮಿನಾ, ಟೈಟಾನಿಯಾ ಆದ್ರೆ ಇಡಿಎಸ್ ನಿಜವಾಗ್ಲೂ ಕೆಲಸಕ್ಕೆ ಬರತ್ತೆ. ಅಲ್ಯೂಮಿನಿಯಂ ಪೀಕ್ 1.49, ಸಿಲಿಕಾನ್ 1.74 ಕಿಲೋ ಎಲೆಕ್ಟ್ರಾನ್ ವೋಲ್ಟ್, ಪಕ್ಕಪಕ್ಕದಲ್ಲೇ ಇದಾವೆ, ಸಿಲಿಕಾನ್ ಪೀಕಿನ ಬುಡ ಅಲ್ಯೂಮಿನಿಯಂ ಮ್ಯಾಪಿಗೆ ಸೋರ್ಬೋದು, ಬ್ಯಾಕ್‌ಗ್ರೌಂಡ್ ಕಳೆದ ಮ್ಯಾಪ್ ಕೇಳಿ. ಸ್ಯಾಂಪಲ್ ಅಂಟಿಸೋ ಸ್ಟಬ್ಬೇ ಅಲ್ಯೂಮಿನಿಯಂ ಅನ್ನೋದೂ ನೆನಪಿರ್ಲಿ. ಇಡಿಎಸ್‌ಗೆ ಚಿನ್ನದ ಬದ್ಲು ಕಾರ್ಬನ್ ಕೋಟಿಂಗ್ ಹಾಕ್ಸಿ, ಚಿನ್ನದ ಪೀಕ್ 2.12ರಲ್ಲಿ ಬಂದು ಕೂತು ಮಧ್ಯ ಗಲಾಟೆ ಮಾಡತ್ತೆ. ಆದ್ರೆ ಕಾರ್ಬನ್ ಮ್ಯಾಪನ್ನೇ ನೋಡ್ಬೇಕಾದ್ರೆ ಕಾರ್ಬನ್ ಕೋಟಿಂಗ್ ಆಗಲ್ಲ.

ಹೆಜ್ಜೆ 9: ಎಎಫ್‌ಎಂ

1986ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಸೇರಿ ಕಂಡುಹಿಡಿದ ಈ ಉಪಕರಣ ಸಿಲಿಕೋನಿಗೆ ಹೇಳಿ ಮಾಡ್ಸಿದ ಹಾಗಿದೆ, ಕೋಟಿಂಗ್ ಬೇಡ, ವ್ಯಾಕ್ಯೂಮ್ ಬೇಡ. ಟಿಪ್ ತಟ್ಟಿತಟ್ಟಿ ಹೋಗೋ ಟ್ಯಾಪಿಂಗ್ ಮೋಡಲ್ಲೇ ಮಾಡಿ, ಸದಾ ತಾಗಿರೋ ಕಾಂಟ್ಯಾಕ್ಟ್ ಮೋಡಲ್ಲಿ ಟಿಪ್ ರಬ್ಬರ್‌ನ ಎಳ್ಕೊಂಡು ಹೋಗತ್ತೆ. ಐದು ಮಿಲಿಮೀಟರ್ ಚೌಕದ ತುಂಡು, ಸ್ಟೀಲ್ ಡಿಸ್ಕ್ ಮೇಲೆ ಅಂಟ್ಸಿ ಸ್ವಲ್ಪ ಹೊತ್ತು ಹಾಗೇ ಬಿಡಿ, ಟೇಪ್ ನೆಲೆ ನಿಲ್ಲೋವರೆಗೂ ಇಮೇಜ್ ಜಾರತ್ತೆ.

ಇದ್ರಲ್ಲಿ ಅತೀ ಇಂಟರೆಸ್ಟಿಂಗ್ ಇರೋದು ಸೆಟ್‌ಪಾಯಿಂಟ್, ಅಂದ್ರೆ ಟಿಪ್ ಎಷ್ಟು ಜೋರಾಗಿ ತಟ್ಟಬೇಕು ಅನ್ನೋ ಸೆಟ್ಟಿಂಗ್. ಮೆಲ್ಲಗೆ ತಟ್ಟಿದ್ರೆ, ಅಂದ್ರೆ ಫ್ರೀ ಆಂಪ್ಲಿಟ್ಯೂಡ್‌ನ (ಏನೂ ತಾಗದಿದ್ದಾಗ ಟಿಪ್ ಅಲ್ಲಾಡೋ ಅಳತೆ) ಶೇಕಡ 90 ಆಸುಪಾಸಲ್ಲಿ ಇಟ್ರೆ, ಮೇಲಿನ ಸಿಲಿಕೋನ್ ಪದರ ಮಾತ್ರ ಕಾಣತ್ತೆ. ಶೇಕಡ 60ಕ್ಕೆ ಇಳಿಸಿ ಜೋರಾಗಿ ತಟ್ಟಿದ್ರೆ ಟಿಪ್ ಮೆತ್ತನೆ ಪದರವನ್ನ ಒತ್ತಿ ಕೆಳಗಿರೋ ಗಟ್ಟಿ ಕಣ ಮುಟ್ಟತ್ತೆ, ಮೆತ್ತಗೆ-ಗಟ್ಟಿ ವ್ಯತ್ಯಾಸ ತೋರ್ಸೋ ಫೇಸ್ ಇಮೇಜಲ್ಲಿ ಅಲ್ಲಿವರೆಗೂ ಇಲ್ದಿದ್ದ ಕಣಗಳು ಎದ್ದು ಬರತ್ವೆ. ರಬ್ಬರ್‌ನ ಮಾಡ್ಯುಲಸ್ (ಗಟ್ಟಿತನದ ಅಳತೆ) ಒಂದೆರಡು ಮೆಗಾಪ್ಯಾಸ್ಕಲ್, ಸಿಲಿಕಾದ್ದು ಸುಮಾರು 70 ಗಿಗಾಪ್ಯಾಸ್ಕಲ್, ಹತ್ತಾರು ಸಾವಿರ ಪಟ್ಟು ವ್ಯತ್ಯಾಸ. ಒಂದೇ ಜಾಗದಲ್ಲಿ ಮೆಲ್ಲಗೆ, ಜೋರಾಗಿ, ಮತ್ತೆ ಮೆಲ್ಲಗೆ, ಹೀಗೆ ಮೂರು ಇಮೇಜ್ ತೆಗೆದ್ರೆ ಸರ್ಫೇಸ್ ಯಾವ್ದು, ಅದ್ರ ಕೆಳಗಿರೋದು ಯಾವ್ದು ಬೇರೆ ಬೇರೆ ಗೊತ್ತಾಗತ್ತೆ, ಮೂರನೇದು ಮೊದಲನೇದಕ್ಕೆ ಹೊಂದಿದ್ರೆ ಟಿಪ್ ಏನೂ ಹಾಳು ಮಾಡಿಲ್ಲ ಅಂತಾನೂ ಖಾತ್ರಿ ಆಗತ್ತೆ. ಫೇಸ್ ಇಮೇಜಲ್ಲಿ ಬಿಳಿ ಅಂದ್ರೆ ಗಟ್ಟಿ ಅಂತ ಬಾಯಿಪಾಠ ಮಾಡ್ಕೋಬೇಡಿ, ಸರ್ಫೇಸ್ ಟಿಪ್ಪನ್ನ ತನ್ನ ಕಡೆ ಎಳೆಯೋ ಆಕರ್ಷಣೆಯ ರೀಜೀಮಿಗೆ ಹೋದ್ರೆ ಬಣ್ಣ ಉಲ್ಟಾ ಆಗತ್ತೆ.

ಟಿಪ್ ರೇಡಿಯಸ್ 10 ನ್ಯಾನೋಮೀಟರ್ ಇದ್ರೆ ಸರ್ಫೇಸ್ ಮೇಲೆ ಕೂತ 12 ನ್ಯಾನೋಮೀಟರ್ ಕಣ ಸುಮಾರು 30 ನ್ಯಾನೋಮೀಟರ್ ಅಗಲ ಕಾಣತ್ತೆ, ಎತ್ತರ ಮಾತ್ರ ಸರಿ ಇರತ್ತೆ. ಇಮೇಜಿನ ಎಲ್ಲಾ ಕಣಗಳೂ ಒಂದೇ ಆಕಾರದಲ್ಲಿ ಒಂದೇ ದಿಕ್ಕಿಗೆ ವಾಲಿದ್ರೆ ಅದು ಕೊಳೆ ಅಂಟಿದ ಟಿಪ್ಪಿನ ಆಕಾರ. ಸ್ಯಾಂಪಲ್‌ನ 90 ಡಿಗ್ರಿ ತಿರುಗಿಸಿ ಮತ್ತೆ ಸ್ಕ್ಯಾನ್ ಮಾಡಿ, ಆಕಾರ ಸ್ಯಾಂಪಲ್ ಜೊತೆ ತಿರುಗದೇ ಹಾಗೇ ನಿಂತ್ರೆ ಟಿಪ್ ಬದಲಾಯಿಸಿ.

ಹೆಜ್ಜೆ 10: ಇಮೇಜಿಂದ ಸಂಖ್ಯೆ

ಫ್ರೀ ಸಾಫ್ಟ್‌ವೇರ್ ಸಾಕು, ಎಎಫ್‌ಎಂಗೆ ಗ್ವಿಡ್ಡಿಯಾನ್, ಎಸ್‌ಇಎಂಗೆ ಇಮೇಜ್‌ಜೆ. ರಫ್‌ನೆಸ್ ಕೊಡೋವಾಗ ಸ್ಕ್ಯಾನ್ ಸೈಜ್ ಹೇಳ್ದೇ ಕೊಡ್ಬೇಡಿ, 1 ಮೈಕ್ರಾನ್ ಸ್ಕ್ಯಾನಲ್ಲಿ ಬಂದ ಆರ್‌ಕ್ಯು (ಏರಿಳಿತದ ಅಳತೆ), 20 ಮೈಕ್ರಾನ್ ಸ್ಕ್ಯಾನಲ್ಲಿ ಬರೋದು ಎರಡೂ ಬೇರೆ ಬೇರೆ, ಇಮೇಜಿನ ವಾಲಿಕೆ ತೆಗೆಯೋಕೆ ಯಾವ ಆರ್ಡರ್ ಫ್ಲಾಟನಿಂಗ್ ಮಾಡಿದ್ರಿ ಅನ್ನೋದೂ ಸಂಖ್ಯೆ ಬದಲಾಯಿಸತ್ತೆ.

ಕಣ ಎಣಿಸಿದ ಮೇಲೆ ಒಂದು ತಾಳೆ ನೋಡಿ. ಫ್ರಾನ್ಸಿನ ಭೂವಿಜ್ಞಾನಿ ಡೆಲೆಸ್ 1847ರಲ್ಲಿ ಕಲ್ಲುಗಳ ಮೇಲೆ ಕೆಲಸ ಮಾಡ್ತಾ ತೋರಿಸ್ಕೊಟ್ಟ ನಿಯಮ ಇದು, ಚಪ್ಪಟೆ ಸೆಕ್ಷನ್‌ನಲ್ಲಿ ಒಂದು ಘಟಕ ಎಷ್ಟು ಶೇಕಡ ಜಾಗ ತುಂಬಿದ್ಯೋ ಅಷ್ಟೇ ಶೇಕಡ ಅದ್ರ ವಾಲ್ಯೂಮ್. ತೂಕದಲ್ಲಿ 5 ಪರ್ಸೆಂಟ್ ಸಿಲಿಕಾ ಹಾಕಿದ್ರೆ ವಾಲ್ಯೂಮಲ್ಲಿ ಅದು ಸುಮಾರು 2.3 ಪರ್ಸೆಂಟ್, ಅಲ್ಯೂಮಿನಾ ಆದ್ರೆ 1.3. ನಿಮ್ಮ ಇಮೇಜಲ್ಲಿ ಕಣಗಳು 15 ಪರ್ಸೆಂಟ್ ಜಾಗ ತುಂಬಿದ್ರೆ, ಒಂದೋ ಆಳದ ಕಣಗಳೂ ಮೇಲೆ ಕಾಣ್ತಿದಾವೆ, ಕಿಲೋವೋಲ್ಟ್ ಇಳಿಸ್ಬೇಕು, ಇಲ್ಲಾ ನೀವು ಎಣಿಸ್ತಿರೋದು ಫಿಲ್ಲರ್ ಅಲ್ಲ. ಅರ್ಧ ಪರ್ಸೆಂಟೂ ಇಲ್ದಿದ್ರೆ ಫಿಲ್ಲರ್ ಬೇರೆಲ್ಲೋ ಗಂಟಾಗಿ ಕೂತಿದೆ, ಆಪ್ಟಿಕಲ್ ಇಮೇಜಿಗೆ ವಾಪಸ್ ಹೋಗಿ. ಐದು ನಿಮಿಷದ ಲೆಕ್ಕ ಇದು, ಬೇರೆ ಯಾವ ಟೆಸ್ಟೂ ಇಷ್ಟು ಸುಲಭಕ್ಕೆ ಇಷ್ಟು ಹೇಳಲ್ಲ.

ಹೆಜ್ಜೆ 11: ಏಜ್ ಆದ ಸ್ಯಾಂಪಲ್

ಕೊರೋನಾ ಡಿಸ್ಚಾರ್ಜ್ (ಹೈ ವೋಲ್ಟೇಜ್ ಸುತ್ತ ಗಾಳಿಯಲ್ಲಾಗೋ ವಿದ್ಯುತ್ ಸೋರಿಕೆ), ಯುವಿ, ಪ್ಲಾಸ್ಮಾ ತಾಗಿದ ಸಿಲಿಕೋನ್ ಮೇಲೆ ಗಾಜಿನಂಥ ಸಿಲಿಕಾ ಪದರ ಹುಟ್ಟತ್ತೆ, ನೀರು ಹರಡೋಕೆ ಶುರು ಆಗತ್ತೆ. ಆಮೇಲೆ ಒಳಗಿನ ಎಣ್ಣೆ ಮೇಲೆ ಬಂದು ಗಂಟೆಗಳಲ್ಲೋ ದಿನಗಳಲ್ಲೋ ಮತ್ತೆ ನೀರು ಹನಿ ಕಟ್ಟತ್ತೆ, ಈ ರಬ್ಬರ್‌ನ ದೊಡ್ಡ ಗುಣವೇ ಅದು. ಹಾಗಾಗಿ ಏಜಿಂಗ್ ಮುಗಿದು ಎಷ್ಟು ಹೊತ್ತಿಗೆ ಇಮೇಜ್ ತೆಗೆದ್ರಿ ಅನ್ನೋದನ್ನ ಎಲ್ಲಾ ಸ್ಯಾಂಪಲಿಗೂ ಒಂದೇ ಇಡಿ. ಗಾಜಿನ ಪದರ ಗಡಸು, ಸ್ಯಾಂಪಲ್ ಸ್ವಲ್ಪ ಬಗ್ಗಿದ್ರೂ ಬಿರುಕು ಬಿಡತ್ತೆ, ಸ್ಟಬ್‌ಗೆ ಅಂಟಿಸೋವಾಗ ನೀವೇ ಬಗ್ಗಿಸಿದ ಬಿರುಕು ಸಾಲಾಗಿ ಒಂದೇ ದಿಕ್ಕಿಗೆ ಇರತ್ತೆ, ಏಜಿಂಗ್‌ನಿಂದ ಬಂದದ್ದು ಸಾಮಾನ್ಯವಾಗಿ ಒಣಗಿದ ಕೆರೆಯಂಗಳದ ಹಾಗೆ ದಿಕ್ಕಿಲ್ಲದೆ ಹರಡಿರತ್ತೆ. ಏಜ್ ಮಾಡೋ ಮುಂಚೇನೇ ಸ್ಟಬ್ ಸೈಜಿಗೆ ಕತ್ತರಿಸಿಟ್ಕೊಂಡ್ರೆ ಈ ಅನುಮಾನವೇ ಬರಲ್ಲ.

ಉಪಕರಣ ಎಲ್ಲಿ ಸಿಗತ್ತೆ ಅಂದ್ರೆ, ಬೆಂಗಳೂರಿನ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಎಸ್‌ಇಎಂ, ಎಎಫ್‌ಎಂ ಎರಡೂ ಇದೆ, ಹೊರಗಿನ ಕಾಲೇಜಿನವ್ರೂ ಬುಕ್ ಮಾಡ್ಬೋದು, ದೇಶದ ಬೇರೆ ಕಡೆ ಇರೋ ಉಪಕರಣ ಹುಡುಕೋಕೆ ಐ-ಸ್ಟೆಮ್ ಪೋರ್ಟಲ್ ಇದೆ. ಇನ್ಸುಲೇಟರ್ ಟ್ರ್ಯಾಕಿಂಗ್ ಟೆಸ್ಟ್ (ಮೇಲೆ ಕರೆಂಟ್ ಹರಿದು ಸುಟ್ಟ ದಾರಿ ಬೀಳತ್ತಾ ಅಂತ ನೋಡೋದು) ಕೂಡ ಬೇಕಂದ್ರೆ ಬೆಂಗಳೂರಲ್ಲೇ ಇರೋ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಸಿಪಿಆರ್‌ಐನಲ್ಲಿ ವಿಚಾರಿಸಿ.

ಪ್ರತಿ ಇಮೇಜಿನ ಕೆಳಗೆ ಇಷ್ಟು ಬರೀರಿ: ಯಾವ ಕಡೆಯ ಸರ್ಫೇಸ್, ಮೋಲ್ಡ್ ಯಾವ್ದು, ಹೇಗೆ ತೊಳೆದದ್ದು, ಕೋಟಿಂಗ್ ಲೋಹ ಮತ್ತೆ ದಪ್ಪ, ಕಿಲೋವೋಲ್ಟ್, ಡಿಟೆಕ್ಟರ್, ಎಎಫ್‌ಎಂ ಆದ್ರೆ ಟಿಪ್ಪು, ಸೆಟ್‌ಪಾಯಿಂಟ್, ಸ್ಕ್ಯಾನ್ ಸೈಜ್. ಪಕ್ಕದಲ್ಲೇ ಅದೇ ಸ್ಕೇಲಿನ ಕಂಟ್ರೋಲ್ ಇಮೇಜ್ ಇಡಿ. ಮೂಲ ಫೈಲ್‌ಗಳನ್ನ ಕಾಂಟ್ರಾಸ್ಟ್ ಮುಟ್ಟದೇ ಹಾಗೇ ಎತ್ತಿಡಿ, ರಿವ್ಯೂವರ್ ಕೇಳಿದಾಗ ಕೊಡ್ಬೇಕಾಗೋದು ಅದನ್ನೇ.